ಮಗಳ ಮಾತ್ರೆ ಬಿಡಿಸಬೇಡಿ

ಪ್ರಶ್ನೆ: ನನ್ನ ಮಗಳಿಗೆ 24 ವರ್ಷ. ಬೆರಳ ಗಂಟುಗಳಲ್ಲಿ ನೋವು, ಬಾಯಿಹುಣ್ಣು, ಬಿಸಿಲಿಗೆ ಹೋದರೆ ಕೆನ್ನೆಯೆಲ್ಲ ಕೆಂಪು. ಲೂಪಸ್ ಅಂದರು. ಮಾತ್ರೆ ಶುರುವಾದ ಮೇಲೆ ಲವಲವಿಕೆಯಿಂದ ಇದ್ದಾಳೆ. ಆದರೆ ಅದು ಮಲೇರಿಯಾ ಮಾತ್ರೆಯಂತೆ, ಕಣ್ಣು ಹೋಗುತ್ತದಂತೆ. ಅದನ್ನು ಬಿಡಿಸಿ ಅಮೃತಬಳ್ಳಿ ಕಷಾಯ ಕೊಡು, ರೋಗನಿರೋಧಕ ಶಕ್ತಿ ಹೆಚ್ಚುತ್ತದೆ ಅಂತ ನನ್ನ ಓರಗಿತ್ತಿ ಹೇಳುತ್ತಾರೆ. ಇವಳ ಮದುವೆ, ಮಕ್ಕಳ ಗತಿಯೇನು?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಅಮ್ಮಾ, ಮಾತ್ರೆ ನಿಲ್ಲಿಸಬೇಡಿ, ಕಷಾಯ ಕೊಡಬೇಡಿ. ನಿಮ್ಮ ಮಗಳಲ್ಲಿ ರೋಗನಿರೋಧಕ ಶಕ್ತಿ ಕಡಿಮೆಯಾಗಿಲ್ಲ, ದಾರಿ ತಪ್ಪಿದೆ. ರೋಗಾಣುಗಳ ಮೇಲೆ ಹೋಗಬೇಕಾದ ಪ್ರತಿಕಾಯಗಳು ಅವಳದೇ ಜೀವಕೋಶಗಳ ಮೇಲೆ ತಿರುಗಿಬಿದ್ದಿವೆ. ಬೇಲಿಯೇ ಎದ್ದು ಹೊಲ ಮೇಯುತ್ತಿರುವಾಗ ಬೇಲಿಗೆ ಗೊಬ್ಬರ ಹಾಕುತ್ತೀರಾ? ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಸೇವಿಸಿದ ಕೆಲವರ ಯಕೃತ್ತಿಗೆ ಪೆಟ್ಟು ಬಿದ್ದದ್ದನ್ನು ನಮ್ಮ ದೇಶದ ವೈದ್ಯರೇ ದಾಖಲಿಸಿದ್ದಾರೆ.

ನೀವು ಹೇಳುವ ಮಾತ್ರೆ ಹೈಡ್ರಾಕ್ಸಿಕ್ಲೋರೋಕ್ವಿನ್ ಇರಬೇಕು. ಲೂಪಸ್ ಮತ್ತೆ ಕೆರಳದಂತೆ ಅದು ತಡೆಯುತ್ತದೆ, ಅದಕ್ಕೇ ಆರಾಮಾಗಿದ್ದಾಗಲೂ ನುಂಗಬೇಕು. ಕಣ್ಣಿನ ಭಯ ಪೂರ್ತಿ ಸುಳ್ಳಲ್ಲ. ಆದರೆ ದಿನದ ಪ್ರಮಾಣ ದೇಹತೂಕದ ಪ್ರತಿ ಕಿಲೋಗೆ 5 ಮಿಲಿಗ್ರಾಂ ಮೀರದಿದ್ದರೆ ಮೊದಲ 5 ವರ್ಷ ಅಪಾಯ ತೀರಾ ಕಡಿಮೆ. ಶುರುವಿನಲ್ಲೊಮ್ಮೆ ಕಣ್ಣು ತೋರಿಸಿ, 5 ವರ್ಷದ ನಂತರ ವರ್ಷಕ್ಕೊಮ್ಮೆ ತೋರಿಸಬೇಕು. ಸ್ಟಿರಾಯ್ಡ್ ಕೊಟ್ಟಿದ್ದರೆ ಅದನ್ನಂತೂ ಒಮ್ಮೆಗೇ ಬಿಡಬಾರದು.

ನನಗೆ ಕಳವಳ ಕಿಡ್ನಿಯದು. ಲೂಪಸ್ ಅದನ್ನು ನೋವಿಲ್ಲದೆ ಕೆಡಿಸುತ್ತದೆ. ಪಾದ ಊದುವ, ಮೂತ್ರ ನೊರೆಯಾಗುವ ಹೊತ್ತಿಗೆ ತಡವಾಗಿರಬಹುದು. ಹಾಗಾಗಿ ಹುಡುಗಿ ಗೆಲುವಾಗಿದ್ದಾಳೆಂದು ಮೂತ್ರದ ಪ್ರೋಟೀನ್ ಪರೀಕ್ಷೆ, ಬಿಪಿ ತಪ್ಪಿಸಬೇಡಿ. ರುಮಟಾಲಜಿಸ್ಟ್ ಹತ್ತಿರ ಹೋದಾಗಲೆಲ್ಲ ನೀವೇ ಕೇಳಿ ಮಾಡಿಸಿ. ಬಿಸಿಲಿಗೆ ಛತ್ರಿ, ತುಂಬುತೋಳು, ಸನ್‌ಸ್ಕ್ರೀನ್ ಇರಲಿ.

ಇದು ಅಂಟುವ ಕಾಯಿಲೆಯಲ್ಲ. ಮದುವೆಗೆ ಅಡ್ಡಿಯಿಲ್ಲ, ಮಕ್ಕಳೂ ಆಗಬಹುದು. ಕಾಯಿಲೆ ಕನಿಷ್ಠ ಆರು ತಿಂಗಳು ತಣ್ಣಗಿದ್ದ ಮೇಲೆ, ವೈದ್ಯರೊಡನೆ ಮಾತಾಡಿ ಬಸಿರಿಗೆ ಸಿದ್ಧವಾಗಬೇಕು, ಅಷ್ಟೆ. ಹೈಡ್ರಾಕ್ಸಿಕ್ಲೋರೋಕ್ವಿನ್ ಬಸಿರಿನಲ್ಲೂ ಮುಂದುವರಿಯುತ್ತದೆ. ಮೈಕೋಫಿನೊಲೇಟ್‌ನಂಥ ಔಷಧಿಯಿದ್ದರೆ ಮೊದಲೇ ಬದಲಿಸುತ್ತಾರೆ.

ಮುಚ್ಚಿಟ್ಟು ಮಾತ್ರ ಮದುವೆ ಮಾಡಬೇಡಿ. ಅತ್ತೆಮನೆಯಲ್ಲಿ ಕದ್ದು ಮಾತ್ರೆ ನುಂಗಬೇಕಾದ ಹುಡುಗಿ ಒಂದು ದಿನ ಅದನ್ನು ಬಿಟ್ಟೇಬಿಡುತ್ತಾಳೆ. ಈ ಉತ್ತರವನ್ನು ಮಗಳಿಗೂ ಓದಲು ಕೊಡಿ. ಗಂಡಿನವರಿಗೆ ಏನನ್ನು, ಯಾವಾಗ ಹೇಳಬೇಕೆಂದು ಅವಳೇ ನಿರ್ಧರಿಸಲಿ, ನೀವು ಅವಳ ಪಕ್ಕದಲ್ಲಿರಿ.