ಫಾರ್ಮ್ಯಾಟ್ ಮಾಡುವ ಮೊದಲು ಒಂದು ನಕಲು

ಪುತ್ತೂರು, ಸುಳ್ಯ, ಕಡಬ ಈ ಮೂರು ತಾಲೂಕುಗಳ ಮನೆಗಳಿಗೆ ಕಂಪ್ಯೂಟರ್ ರಿಪೇರಿಗೆ ಹೋಗುವ ನನಗೆ, ಒಂದೇ ಯಂತ್ರದಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡನ್ನೂ ಇಟ್ಟುಕೊಂಡವರು ಅಲ್ಲಲ್ಲಿ ಸಿಗುತ್ತಲೇ ಇರುತ್ತಾರೆ. ತಂದೆಯ ಲೆಕ್ಕಪತ್ರ ಟ್ಯಾಲಿಯಲ್ಲಿ, ಹಳೆಯ ಪತ್ರಗಳು ನುಡಿಯಲ್ಲಿ ಇರುವುದರಿಂದ ವಿಂಡೋಸ್ ಬೇಕು. ಪುತ್ತೂರಿನ ವಿವೇಕಾನಂದದಲ್ಲೋ ಸುಳ್ಯದ ಕೆವಿಜಿಯಲ್ಲೋ ಇಂಜಿನಿಯರಿಂಗ್ ಓದುವ ಮಗಳಿಗೆ ಉಬುಂಟು ಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲಂತೂ ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಸೇರಿಸಿ ಕೊಡಿ ಎಂದು ಕೇಳುವವರಿದ್ದಾರೆ.

ಎರಡು ವ್ಯವಸ್ಥೆಗಳು ಒಂದೇ ಡಿಸ್ಕನ್ನು ಹಂಚಿಕೊಂಡ ಕಡೆ ಪಾರ್ಟಿಶನ್ ತಕರಾರು ಬರುವುದು ಸಹಜ. “ನಿನ್ನೆವರೆಗೆ ಇದ್ದ ಡಿ ಡ್ರೈವ್ ಇವತ್ತು ಕಾಣುವುದೇ ಇಲ್ಲ ಮಾರಾಯ್ರೇ” ಎಂದು ಫೋನ್ ಬರುತ್ತದೆ. ನಾನು ತಲುಪುವ ಮೊದಲೇ ಯಾರೋ ಒಬ್ಬರು “ಫಾರ್ಮ್ಯಾಟ್ ಮಾಡಿಬಿಡಿ” ಎಂದು ಸಲಹೆ ಕೊಟ್ಟಾಗಿರುತ್ತದೆ. ಈ ಕೆಲಸ ನನಗೆ ಕಲಿಸಿದ ದೊಡ್ಡ ಪಾಠ ಆ ಸಲಹೆಗೆ ನೇರ ವಿರುದ್ಧವಾದದ್ದು: ಡ್ರೈವ್ ಕಾಣದಿದ್ದರೂ ಒಳಗಿನ ಕಡತಗಳು ಬಹಳ ಸಲ ಇದ್ದಲ್ಲೇ ಇರುತ್ತವೆ. ಅವುಗಳನ್ನು ನಿಜವಾಗಿ ಕಳೆಯುವುದು ಆಮೇಲೆ ನಾವು ಅವಸರದಲ್ಲಿ ಮಾಡುವ ಕೆಲಸ.

ಇದನ್ನು ಮನೆಯವರಿಗೆ ವಿವರಿಸುವಾಗ ನಾನು ಪಹಣಿಯ ಮಾತು ಎತ್ತುತ್ತೇನೆ. ಆರ್‌ಟಿಸಿಯಲ್ಲಿ ಸರ್ವೆ ನಂಬರ್ ತಪ್ಪಿದರೆ ಅಡಿಕೆ ತೋಟ ಮಾಯವಾಗುವುದಿಲ್ಲ, ದಾಖಲೆ ಸರಿಪಡಿಸಬೇಕು ಅಷ್ಟೆ. ಡಿಸ್ಕಿನಲ್ಲೂ ಪಾರ್ಟಿಶನ್ ಟೇಬಲ್ ಎಂಬ ಅಂಥದೊಂದು ದಾಖಲೆ ಇದೆ. ಹಳೆಯ ಎಂಬಿಆರ್ ಪದ್ಧತಿಯಲ್ಲಿ ಅದು ಡಿಸ್ಕಿನ ಮೊತ್ತಮೊದಲ 512 ಬೈಟುಗಳ ಒಳಗೆ ಕೇವಲ 64 ಬೈಟುಗಳಷ್ಟು ಜಾಗದಲ್ಲಿ ಕೂತಿರುತ್ತದೆ. ಅಲ್ಲಿ ನಾಲ್ಕೇ ನಾಲ್ಕು ನಮೂದುಗಳಿಗೆ ಅವಕಾಶ. ಅಷ್ಟು ಚಿಕ್ಕ ಜಾಗ ಕೆಟ್ಟರೆ ಇಡೀ ಡಿಸ್ಕ್ ಖಾಲಿಯಂತೆ ಕಾಣುತ್ತದೆ. ಹೊಸ ಜಿಪಿಟಿ ಪದ್ಧತಿಯಲ್ಲಿ ಸಾಮಾನ್ಯವಾಗಿ 128 ನಮೂದುಗಳಿರುತ್ತವೆ, ಟೇಬಲಿನ ಇನ್ನೊಂದು ಪ್ರತಿ ಡಿಸ್ಕಿನ ಕೊನೆಯಲ್ಲೂ ಇರುತ್ತದೆ. ಮುಂದಿನದು ಹಾಳಾದರೆ ಜಿಡಿಸ್ಕ್ ಎಂಬ ಸಾಧನ ಹಿಂದಿನದರಿಂದ ಅದನ್ನು ಮತ್ತೆ ಕಟ್ಟಬಲ್ಲದು.

ಸುಳ್ಯದ ಹಾಸ್ಟೆಲಿನ ಒಬ್ಬ ವಿದ್ಯಾರ್ಥಿಯದು ಈ ಬಗೆಯ ಪ್ರಕರಣ. ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಹೆಸರಿಲ್ಲದ ಒಂದು ಪಾರ್ಟಿಶನ್ ಕಂಡು, ಉಪಯೋಗಕ್ಕಿಲ್ಲದ್ದೆಂದು ತಿಳಿದು ಅಳಿಸಿದ್ದ. ಅದೇ ಅವನ ಉಬುಂಟು. ಮರುದಿನ ಸ್ವಿಚ್ ಹಾಕಿದರೆ ಕಪ್ಪು ಪರದೆಯ ಮೇಲೆ ‘ನೋ ಸಚ್ ಪಾರ್ಟಿಶನ್’, ಕೆಳಗೆ ‘ಗ್ರಬ್ ರೆಸ್ಕ್ಯೂ’. ಯಾವ ವ್ಯವಸ್ಥೆ ಬೇಕೆಂದು ಕೇಳುವ ಗ್ರಬ್‌ನ ಮುಖ್ಯ ಕಡತಗಳು ಲಿನಕ್ಸ್ ಪಾರ್ಟಿಶನ್ನಿನಲ್ಲೇ ಇರುವುದರಿಂದ ವಿಂಡೋಸ್ ಕೂಡ ಏಳಲಿಲ್ಲ. ಅವನು ಗಾಬರಿಯಾದರೂ ಖಾಲಿಯಾದ ಜಾಗಕ್ಕೆ ಏನನ್ನೂ ಬರೆದಿರಲಿಲ್ಲ, ಅದೇ ಅವನನ್ನು ಕಾಪಾಡಿತು. ಪೆನ್‌ಡ್ರೈವಿನಿಂದ ಲೈವ್ ಲಿನಕ್ಸ್ ಎಬ್ಬಿಸಿ, ಕ್ರಿಸ್ಟೋಫ್ ಗ್ರೆನಿಯೆ ಎಂಬವರು ಬರೆದ ಟೆಸ್ಟ್‌ಡಿಸ್ಕ್ ಎಂಬ ಉಚಿತ ಸಾಧನದಿಂದ ಹುಡುಕಿದಾಗ ಅಳಿದ ಪಾರ್ಟಿಶನ್ನಿನ ಗಡಿ ಸಿಕ್ಕಿತು. ಒಳಗಿನ ಕಡತಗಳ ಪಟ್ಟಿಯನ್ನು ಮೊದಲು ತೆರೆದು ನೋಡಿ, ಮುಖ್ಯವಾದವನ್ನು ಬೇರೆ ಡಿಸ್ಕಿಗೆ ನಕಲು ಮಾಡಿದ ಮೇಲೆಯೇ ಟೇಬಲನ್ನು ಬರೆಯಲು ಹೇಳಿದೆ. ಎರಡೂ ವ್ಯವಸ್ಥೆಗಳು ಎದ್ದವು.

ಇನ್ನೊಂದು ಬಗೆಯ ದೋಷ ದೋಷವೇ ಅಲ್ಲ. ಪುತ್ತೂರಿನ ನಿವೃತ್ತ ಮಾಸ್ಟ್ರೊಬ್ಬರ ಡಿ ಡ್ರೈವಿನಲ್ಲಿ ವರ್ಷಗಳ ನುಡಿ ಕಡತಗಳಿದ್ದವು. ಲಿನಕ್ಸಿನಲ್ಲಿ ತೆರೆದರೆ ಓದಲು ಬರುತ್ತಿತ್ತು, ತಿದ್ದಿ ಉಳಿಸಲು ಬರುತ್ತಿರಲಿಲ್ಲ. ಡಿಸ್ಕ್ ಹೋಯಿತೆಂದೇ ಅವರು ತಿಳಿದಿದ್ದರು. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಸೌಲಭ್ಯ ಆನ್ ಇದ್ದರೆ, ನಾವು ಶಟ್‌ಡೌನ್ ಒತ್ತಿದರೂ ಅದು ಪೂರ್ತಿ ಮುಚ್ಚುವುದಿಲ್ಲ, ಅರ್ಧ ನಿದ್ದೆಗೆ ಹೋಗುತ್ತದೆ. ಆ ಸ್ಥಿತಿಯ ಡ್ರೈವಿಗೆ ಬರೆದರೆ ಕಡತ ಕೆಡಬಹುದೆಂದು ಲಿನಕ್ಸ್ ಬರೆಯಲು ಒಪ್ಪುವುದಿಲ್ಲ. ಪವರ್ ಆಪ್ಶನ್ಸಿನಲ್ಲಿ ಅದನ್ನು ಆಫ್ ಮಾಡಿ, ಒಮ್ಮೆ ರೀಸ್ಟಾರ್ಟ್ ಕೊಟ್ಟರೆ ಸಾಕಾಗುತ್ತದೆ. ಎರಡು ವ್ಯವಸ್ಥೆ ಇರುವ ಯಂತ್ರದಲ್ಲಿ ಈ ಸೌಲಭ್ಯ ಮೊದಲ ದಿನವೇ ಆಫ್ ಆಗಿರಬೇಕು.

ಆ ಡ್ರೈವ್ ನಿಜವಾಗಿಯೂ ಕೆಟ್ಟಿದ್ದರೆ ಅದನ್ನು ವಿಂಡೋಸ್ ಒಳಗಿನ ಚೆಕ್‌ಡಿಸ್ಕಿನಿಂದಲೇ ಸರಿಮಾಡಬೇಕು. ಲಿನಕ್ಸಿನ ಎನ್‌ಟಿಎಫ್‌ಎಸ್‌ಫಿಕ್ಸ್ ಕೆಲವು ಸಣ್ಣ ತಕರಾರುಗಳನ್ನು ಮಾತ್ರ ಸರಿಪಡಿಸುತ್ತದೆ, ಚೆಕ್‌ಡಿಸ್ಕಿನ ಕೆಲಸ ಅದರಿಂದ ಆಗದು. ಹಾಗೆಯೇ ಲಿನಕ್ಸಿನ ಇಎಕ್ಸ್‌ಟಿ4 ಪಾರ್ಟಿಶನ್ನನ್ನು ಲಿನಕ್ಸಿನ ಎಫ್‌ಎಸ್‌ಸಿಕೆಯಿಂದಲೇ, ಅದೂ ಬಳಕೆಯಲ್ಲಿ ಇಲ್ಲದಾಗ, ಲೈವ್ ಪೆನ್‌ಡ್ರೈವಿನಿಂದ ಪರೀಕ್ಷಿಸಬೇಕು. ತನಗೆ ಓದಲು ಬಾರದ ಪಾರ್ಟಿಶನ್ನಿಗೆ ಡ್ರೈವ್ ಅಕ್ಷರ ಸಿಕ್ಕಿದ್ದರೆ ವಿಂಡೋಸ್ “ಫಾರ್ಮ್ಯಾಟ್ ಮಾಡಲೇ?” ಎಂದು ಕೇಳುತ್ತದೆ. ಆ ಪ್ರಶ್ನೆಗೆ ಉತ್ತರ ಯಾವಾಗಲೂ “ಬೇಡ”.

ನಮ್ಮ ಊರಿಗೇ ವಿಶೇಷವಾದ ಅಪಾಯ ಕರೆಂಟಿನದು. ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ. ಜೂನ್‌ನಿಂದ ಗಾಳಿಮಳೆಗೆ ಮರದ ಗೆಲ್ಲು ಲೈನಿನ ಮೇಲೆ ಬೀಳುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ ಕಳೆದರೆ ಸಿಡಿಲು. ಪಾರ್ಟಿಶನ್ನಿನ ಆರಂಭದ ಗಡಿಯನ್ನು ಸರಿಸುವಾಗ ಒಳಗಿನ ಎಲ್ಲ ಕಡತಗಳೂ ಜಾಗ ಬದಲಿಸುತ್ತವೆ, ದೊಡ್ಡ ಡಿಸ್ಕಿಗೆ ಗಂಟೆಗಟ್ಟಲೆ ಬೇಕು. ನಡುವೆ ಕರೆಂಟು ಹೋದರೆ ಅರ್ಧ ಹಳೆಯ ಜಾಗದಲ್ಲಿ, ಅರ್ಧ ಹೊಸ ಜಾಗದಲ್ಲಿ ಉಳಿದು, ಟೆಸ್ಟ್‌ಡಿಸ್ಕಿಗೂ ಜೋಡಿಸಲು ಕಷ್ಟವಾಗುತ್ತದೆ. ಕಡಬ ಕಡೆಯ ಒಂದು ಮನೆಯಲ್ಲಿ ಇದೇ ಆಗಿತ್ತು. ಅಲ್ಲಿ ಫೋಟೋರೆಕ್ ಸಾಧನದಿಂದ ಮದುವೆ ಫೋಟೋಗಳು ಬಹುಪಾಲು ಸಿಕ್ಕಿದವು, ಆದರೆ ಕಡತಗಳ ಹೆಸರು, ಫೋಲ್ಡರು ಯಾವುದೂ ಉಳಿಯಲಿಲ್ಲ. ಡೆಸ್ಕ್‌ಟಾಪಿನ ಸಣ್ಣ ಯುಪಿಎಸ್ ಇಷ್ಟು ಹೊತ್ತಿನ ಕೆಲಸಕ್ಕೆ ಸಾಲದು. ನಾನು ಇಂಥ ಕೆಲಸವನ್ನು ಬೆಳಗ್ಗೆಯೇ ಶುರುಮಾಡುತ್ತೇನೆ, ಇನ್ವರ್ಟರ್ ಇರುವ ಮನೆಯಲ್ಲಿ ಮಾತ್ರ ಒಪ್ಪುತ್ತೇನೆ, ಗುಡುಗು ಕೇಳಿಸುವ ದಿನ ಮುಟ್ಟುವುದಿಲ್ಲ. ಲಿನಕ್ಸಿಗೆ ಜಾಗ ಬೇಕಾದಾಗ ವಿಂಡೋಸ್ ಡ್ರೈವನ್ನು ವಿಂಡೋಸ್‌ನ ಶ್ರಿಂಕ್ ಆಯ್ಕೆಯಿಂದಲೇ ಕೊನೆಯ ಭಾಗದಲ್ಲಿ ಕುಗ್ಗಿಸುತ್ತೇನೆ. ಅದರಲ್ಲಿ ಆರಂಭದ ಗಡಿ ಅಲುಗುವುದಿಲ್ಲ. ಬಿಟ್‌ಲಾಕರ್ ಇದ್ದರೆ 48 ಅಂಕಿಗಳ ರಿಕವರಿ ಕೀಯನ್ನು ಮೊದಲು ಕಾಗದದ ಮೇಲೆ ಬರೆಸಿಕೊಳ್ಳುತ್ತೇನೆ.

ಡಿಸ್ಕೇ ಸಾಯುತ್ತಿದ್ದರೆ ದಾಖಲೆ ತಿದ್ದಿ ಪ್ರಯೋಜನವಿಲ್ಲ. ಟಕ್ ಟಕ್ ಶಬ್ದ ಬಂದರೆ, ಅಥವಾ ಸ್ಮಾರ್ಟ್ ವರದಿಯಲ್ಲಿ ಓದಲಾಗದೆ ಬಾಕಿ ಉಳಿದ ಸೆಕ್ಟರುಗಳ ಸಂಖ್ಯೆ ಏರುತ್ತಿದ್ದರೆ, ಚೆಕ್‌ಡಿಸ್ಕ್ ಕೂಡ ಹಾಕಬಾರದು. ಅದು ಸೋತ ಡಿಸ್ಕಿಗೆ ಇನ್ನಷ್ಟು ದುಡಿಮೆ. ಡಿಡಿರೆಸ್ಕ್ಯೂ ಎಂಬ ಸಾಧನದಿಂದ ಇಡೀ ಡಿಸ್ಕನ್ನು ಬೇರೊಂದಕ್ಕೆ ನಕಲು ಮಾಡಿ, ದುರಸ್ತಿಯನ್ನು ನಕಲಿನ ಮೇಲೆ ನಡೆಸಬೇಕು. ಎಲ್ಲಿಯವರೆಗೆ ಓದಿದೆ ಎಂಬುದನ್ನು ಅದು ಒಂದು ಮ್ಯಾಪ್ ಕಡತದಲ್ಲಿ ಬರೆದಿಡುತ್ತದೆ, ಕರೆಂಟು ಹೋಗಿ ಬಂದರೂ ಅಲ್ಲಿಂದಲೇ ಮುಂದುವರಿಯುತ್ತದೆ. ನಮ್ಮ ಮಳೆಗಾಲಕ್ಕೆ ಇದಕ್ಕಿಂತ ಅನುಕೂಲದ ಸಾಧನ ನಾನು ಕಂಡಿಲ್ಲ.

ನಿಮ್ಮ ಯಂತ್ರದಲ್ಲಿ ಡ್ರೈವ್ ಕಾಣೆಯಾದರೆ ಮೊದಲು ಯಂತ್ರವನ್ನು ಆಫ್ ಮಾಡಿ, ಏನನ್ನೂ ಬರೆಯಬೇಡಿ, ಹೊಸದಾಗಿ ಏನನ್ನೂ ಇನ್‌ಸ್ಟಾಲ್ ಮಾಡಬೇಡಿ. ಬಲ್ಲವರನ್ನು ಕರೆದಾಗ “ಫಾರ್ಮ್ಯಾಟಿಗೆ ಎಷ್ಟು?” ಎಂದು ಕೇಳುವ ಬದಲು “ನಕಲು ತೆಗೆದುಕೊಳ್ಳಬಹುದೇ?” ಎಂದು ಕೇಳಿ. ಇದಕ್ಕೂ ಮೊದಲು, ಈ ವಾರವೇ, ಒಂದು ಹೊರಗಿನ ಡಿಸ್ಕ್ ತಂದು ಮಕ್ಕಳ ಫೋಟೋ, ತೋಟದ ಲೆಕ್ಕ, ಮಾಸ್ಟ್ರ ಬರಹ ಎಲ್ಲವನ್ನೂ ಅದಕ್ಕೆ ಹಾಕಿ, ಪ್ಲಗ್ಗಿನಿಂದ ಬಿಡಿಸಿ ಕಪಾಟಿನಲ್ಲಿಡಿ. ಪಾರ್ಟಿಶನ್ ದುರಸ್ತಿಯ ಸಾಧನಗಳು ಎಷ್ಟೇ ಒಳ್ಳೆಯವಾದರೂ ಆ ಒಂದು ನಕಲಿಗೆ ಸಮನಾಗುವುದಿಲ್ಲ.