ಕೂಡಿಸುವದಕ್ಕೆ ಮೊದಲು ತೂಗಿ ನೋಡತಕ್ಕದ್ದು

ಉಪ್ಪು ಸಾರಿಗೆ ಬೀಳುವ ವರೆಗೆ ನಮ್ಮ ಕೈಯಲ್ಲಿರುವದು. ಬಿದ್ದು ಕದಡಿದ ಮೇಲೆ ಅದನ್ನು ಆರಿಸಿ ತೆಗೆಯುವದು ಯಾರಿಂದಲೂ ಆಗದು. ಮನೆಯಲ್ಲಿ ಎಲೆಕ್ಟ್ರಾನಿಕ್ ಡ್ರಮ್ಸ್ ಬಾರಿಸಿ, ಅದನ್ನು 2 ಇನ್‌ಪುಟ್‌ಗಳು ಮಾತ್ರವೇ ಇರುವ ಸಣ್ಣ ರೆಕಾರ್ಡರಿನಲ್ಲಿ ಹಿಡಿಯಬೇಕೆನ್ನುವವರು ಈ ಮಾತನ್ನು ನೆನಪಿನಲ್ಲಿಡಲಿ. ಇದನ್ನು ನಾವು ನಷ್ಟದಿಂದಲೇ ಕಲಿತೆವು.

ಕೆಲವು ವರುಷಗಳ ಹಿಂದೆ ನಮ್ಮ ತಂಗಿಯ ಮಗನು ಕೆಲಸಕ್ಕಾಗಿ ಪರದೇಶಕ್ಕೆ ಹೊರಡುವ ಹಿಂದಿನ ರಾತ್ರಿ ನಮ್ಮ ಮನೆಯಲ್ಲಿ ಕೂತು ಡ್ರಮ್ಸ್ ಬಾರಿಸಿದನು. ಅವನು ಅಷ್ಟು ಚೆನ್ನಾಗಿ ಬಾರಿಸಿದ್ದನ್ನು ನಾವು ಮುಂಚೆ ಕೇಳಿರಲಿಲ್ಲ. ನಾವು ವಾದ್ಯದ ಎರಡು ವಯರುಗಳನ್ನು ರೆಕಾರ್ಡರಿಗೆ ಸಿಕ್ಕಿಸಿ ಸಂತೋಷದಿಂದ ಎಲ್ಲವನ್ನೂ ಹಿಡಿದೆವು. ಅವನು ಬೆಳಗಾಗುವಾಗಲೇ ಹೊರಟುಹೋದನು. ವಾರ ಕಳೆದು ಅದರ ಮೇಲೆ ಹಾಡನ್ನು ಸೇರಿಸಲು ಕೂತಾಗ, ಬಾಸ್ ಡ್ರಮ್ಮಿನ ಗುಡುಗು ಎಲ್ಲವನ್ನೂ ನುಂಗಿತ್ತು. ಸ್ನೇರಿನ ಪೆಟ್ಟು ಕೇಳಿಯೂ ಕೇಳದಂತಿತ್ತು. ಸಾಲದ್ದಕ್ಕೆ ತಾಳ ತೋರಿಸುವ ಕ್ಲಿಕ್ಕಿನ ಸದ್ದು ಮೊದಲಿಂದ ಕಡೆಯ ವರೆಗೂ ಕೂಡಿಕೊಂಡಿತ್ತು. ಬಾಸ್ ಡ್ರಮ್ಮನ್ನು ತಗ್ಗಿಸಹೋದರೆ ಟಾಮ್‌ಗಳ ತುಂಬುದನಿಯೂ ತಗ್ಗಿತು. ಬಾರಿಸಿದವನು ದೂರದಲ್ಲಿದ್ದನು, ಆ ರಾತ್ರಿಯಾದರೋ ತಿರಿಗಿ ಬಾರದು. ಹೀಗಿರಲಾಗಿ ಇಂಥ ನಷ್ಟ ಬೇರೆಯವರಿಗೆ ಆಗದಂತೆ ಈ ಪಾಠವನ್ನು ಬರೆಯುತ್ತೇವೆ.

1. ವಾದ್ಯದ ಕೆಲಸವು ಹೇಗೆ ನಡೆಯುವದು?

ಪ್ಯಾಡಿನ ಒಳಗೆ ಪೀಯೆಜೋ ಎಂಬ ಸಣ್ಣ ಬಿಲ್ಲೆಯು ಅಂಟಿಕೊಂಡಿರುತ್ತದೆ. ಕೋಲು ಬಿದ್ದಾಗ ಪ್ಯಾಡು ನಡುಗಿ, ಆ ನಡುಕದಿಂದ ಬಿಲ್ಲೆಯಲ್ಲಿ ಅಲ್ಪ ವಿದ್ಯುತ್ತು ಹುಟ್ಟುವದು. ಅದು ಮಾಡ್ಯೂಲ್ ಎಂಬ ಪೆಟ್ಟಿಗೆಗೆ ಹೋಗುವದು. ಮಾಡ್ಯೂಲು ಯಾವ ಪ್ಯಾಡಿಗೆ ಎಷ್ಟು ಬಲವಾದ ಪೆಟ್ಟು ಬಿತ್ತೆಂದು ತಿಳಿದು, ತನ್ನಲ್ಲಿರುವ ಡ್ರಮ್ಮಿನ ಧ್ವನಿಯನ್ನು ಹೊರಡಿಸುವದು. ಕೇಳುವ ಧ್ವನಿಯು ಪ್ಯಾಡಿನದಲ್ಲ, ಮಾಡ್ಯೂಲಿನದು ಎಂಬದನ್ನು ಚೆನ್ನಾಗಿ ಗ್ರಹಿಸಬೇಕು. ಯಾಕಂದರೆ ಮುಂದೆ ಹೇಳುವ ಉಪಾಯವು ಇದರ ಮೇಲೆಯೇ ನಿಂತಿದೆ. ದೊಡ್ಡ ಮಾಡ್ಯೂಲುಗಳಲ್ಲಿ ಒಂದೊಂದು ಡ್ರಮ್ಮಿಗೂ ಬೇರೆ ಬೇರೆ ದಾರಿಗಳುಂಟು. ಸಣ್ಣವುಗಳಲ್ಲಿಯಾದರೋ ಸಾಮಾನ್ಯವಾಗಿ ಎಡ ಬಲ ಎಂಬ ಎರಡೇ ಉಂಟು. ಎಲ್ಲಾ ಡ್ರಮ್ಮುಗಳೂ ಆ ಎರಡರೊಳಗೆ ಕೂಡಿಯೇ ಹೊರಗೆ ಬರುವವು.

2. ರೆಕಾರ್ಡ್ ಮಾಡುವದಕ್ಕೆ ಮುಂಚೆ ಏನು ಮಾಡತಕ್ಕದ್ದು?

ಎಡದ ವಯರನ್ನು ಒಂದನೆಯ ಇನ್‌ಪುಟ್ಟಿಗೂ ಬಲದ ವಯರನ್ನು ಎರಡನೆಯದಕ್ಕೂ ಸೇರಿಸಿ, ಇನ್‌ಪುಟ್‌ಗಳನ್ನು ಮೈಕಿಗಲ್ಲ, ಲೈನಿಗೆ ಹೊಂದಿಸಬೇಕು. ಅತಿ ಬಲವಾದ ಪೆಟ್ಟು ಕೊಟ್ಟು ಮುಳ್ಳನ್ನು ನೋಡಬೇಕು. ಅದು ಸೊನ್ನೆಗೆ ಸುಮಾರು 10 ಡೆಸಿಬೆಲ್ ಕೆಳಗೆ ನಿಂತರೆ ಒಳ್ಳೇದು. ಸೊನ್ನೆಯನ್ನು ದಾಟಿದ ಪೆಟ್ಟು ಒಡೆದು ಕೇಳುವದು. ಆ ಒಡಕಿಗೆ ಆ ಮೇಲೆ ತಕ್ಕ ಮದ್ದಿಲ್ಲ. ತಗ್ಗಾಗಿ ಹಿಡಿದದ್ದನ್ನಾದರೋ ಏರಿಸಬಹುದು.

ಮಾಡ್ಯೂಲಿನಲ್ಲಿ ರಿವರ್ಬ್ ಎಂಬ ಮಾರ್ದನಿ ಇದ್ದರೆ ಅದನ್ನು ಆರಿಸಿಬಿಡಬೇಕು. ಬೇಕಾದರೆ ಕಡೆಯಲ್ಲಿ ಸೇರಿಸಬಹುದು, ಆದರೆ ಸೇರಿದ್ದನ್ನು ತೆಗೆಯಲಾಗದು. ಕ್ಲಿಕ್ಕು ಹೆಡ್‌ಫೋನಿನಲ್ಲಿ ಮಾತ್ರ ಕೇಳುವದೋ, ವಯರಿನಲ್ಲಿಯೂ ಹೋಗುವದೋ ಎಂದು ಪರೀಕ್ಷಿಸಬೇಕು. ಕಡೆಗೆ ಒಂದು ನಿಮಿಷ ಬಾರಿಸಿ, ರೆಕಾರ್ಡ್ ಮಾಡಿ, ಹಾಡಿನ ಸಂಗಡ ಕೂಡಿಸಿ ಕೇಳಬೇಕು. ಒಬ್ಬನೇ ಬಾರಿಸುವಾಗ ಇಂಪಾದ ಬಾಸ್ ಡ್ರಮ್ಮು ಹಾಡಿನ ಜೊತೆಗೆ ಹೆಚ್ಚಾಗುವದುಂಟು. ನಾವು ಆ ರಾತ್ರಿ ಬಿಟ್ಟದ್ದು ಈ ಒಂದು ನಿಮಿಷವನ್ನೇ.

3. ಎರಡು ದಾರಿಗಳಲ್ಲಿ ಬೇರ್ಪಡಿಸುವದು ಹೇಗೆ?

ಮಾಡ್ಯೂಲಿನಲ್ಲಿ ಪ್ಯಾನ್ ಎಂಬ ಹೊಂದಾಣಿಕೆ ಇದ್ದರೆ, ಬಾಸ್ ಡ್ರಮ್ಮನ್ನು ಪೂರ್ಣವಾಗಿ ಎಡಕ್ಕೂ ಮಿಕ್ಕವೆಲ್ಲವನ್ನು ಪೂರ್ಣವಾಗಿ ಬಲಕ್ಕೂ ತಿರುಗಿಸಬಹುದು. ಹೀಗೆ ಮಾಡಿದರೆ ಎರಡು ಟ್ರ್ಯಾಕುಗಳಲ್ಲಿ ಎರಡು ಪಾಲುಗಳು ಬೇರೆಯಾಗಿ ನಿಲ್ಲುವವು. ಬಾಸ್ ಡ್ರಮ್ಮನ್ನು ಆಮೇಲೆ ಏರಿಸಲೂ ಇಳಿಸಲೂ ಬರುವದು. ಇದಕ್ಕೆ ಬೆಲೆಯೂ ಉಂಟು. ಟಾಮ್‌ಗಳೂ ಸಿಂಬಲ್‌ಗಳೂ ಎಡದಿಂದ ಬಲಕ್ಕೆ ಹರಡಿ ಕೇಳುವ ಅಗಲವು ಹೋಗಿಬಿಡುವದು. ಸರಳವಾದ ಹಾಡಿಗೆ ಇದು ಸಾಕು.

4. ಎರಡಕ್ಕಿಂತ ಹೆಚ್ಚು ಬೇಕಾದವರಿಗೆ ಉಪಾಯವುಂಟೋ?

ಉಂಟು. ಅದರ ಹೆಸರು ಮಿಡಿ. ಇದು 1983ರಲ್ಲಿ ಬಳಕೆಗೆ ಬಂದ ಕ್ರಮವು. ಮಿಡಿಯಲ್ಲಿ ಧ್ವನಿಯೇ ಇಲ್ಲ. ಯಾವ ಪ್ಯಾಡು, ಯಾವ ಗಳಿಗೆ, ಎಷ್ಟು ಬಲ ಎಂಬ ಲೆಕ್ಕ ಮಾತ್ರವೇ ಇರುವದು. ಪೆಟ್ಟಿನ ಬಲವನ್ನು 1ರಿಂದ 127ರ ವರೆಗೆ ಎಣಿಸುವರು. ಸಾಮಾನ್ಯವಾಗಿ ಬಾಸ್ ಡ್ರಮ್ಮಿಗೆ 36, ಸ್ನೇರಿಗೆ 38 ಎಂಬ ಸಂಖ್ಯೆಗಳುಂಟು.

ಆದದರಿಂದ ಬಾರಿಸುವಾಗ ಎರಡು ವಯರುಗಳನ್ನು ರೆಕಾರ್ಡ್ ಮಾಡುವದಲ್ಲದೆ, ಮಾಡ್ಯೂಲಿನ ಮಿಡಿಯನ್ನು ಯು.ಎಸ್.ಬಿ. ವಯರಿನ ಮೂಲಕ ಕಂಪ್ಯೂಟರಿನಲ್ಲಿಯೂ ಹಿಡಿಯತಕ್ಕದ್ದು. ಇದಕ್ಕೆ ಒಂದು ಇನ್‌ಪುಟ್ಟೂ ಖರ್ಚಾಗದು. ಬಾರಿಸಿದವನು ಎದ್ದುಹೋದ ಮೇಲೆ ಆ ಲೆಕ್ಕವನ್ನು ಮಾಡ್ಯೂಲಿಗೆ ತಿರಿಗಿ ಕಳುಹಿಸಿದರೆ, ಪ್ಯಾಡುಗಳನ್ನು ಯಾರೂ ಮುಟ್ಟದೆ ಇರುವಾಗಲೇ ಅದೇ ಬಾರಿಸುವಿಕೆಯು ಧ್ವನಿಸುವದು. ಆಗ ಮೊದಲನೆಯ ಸಾರಿ ಬಾಸ್ ಡ್ರಮ್ ಸ್ನೇರ್ ಇವೆರಡನ್ನೇ ಎಡ ಬಲಕ್ಕೆ ತಿರುಗಿಸಿ ಮಿಕ್ಕವುಗಳ ಬಾಯಿ ಮುಚ್ಚಿ ರೆಕಾರ್ಡ್ ಮಾಡಬೇಕು. ಎರಡನೆಯ ಸಾರಿ ಟಾಮ್‌ಗಳನ್ನು. ಮೂರನೆಯ ಸಾರಿ ಹೈ-ಹ್ಯಾಟ್ ಮತ್ತು ಸಿಂಬಲ್‌ಗಳನ್ನು. ಮೂರು ಸಾರಿಗೆ 6 ಟ್ರ್ಯಾಕುಗಳಾದವು, ಇನ್‌ಪುಟ್‌ಗಳು ಎರಡೇ. ರೆಕಾರ್ಡರು ಕಂಪ್ಯೂಟರಿನಿಂದ ಬೇರೆಯಾಗಿದ್ದರೆ, ಪ್ರತಿ ಸಾರಿಯ ಆರಂಭದಲ್ಲಿ ಒಂದೇ ಬಗೆಯ ಒಂದು ಪೆಟ್ಟನ್ನು ಗುರುತಾಗಿ ಇಟ್ಟು, ಆ ಗುರುತಿನಿಂದ ಟ್ರ್ಯಾಕುಗಳನ್ನು ಸಾಲುಗೂಡಿಸಬೇಕು.

5. ಕೊರತೆಯಿರುವವರು ಕುಂದಬೇಕೋ?

ಕುಂದಬೇಕಾಗಿಲ್ಲ. 1967ರಲ್ಲಿ ಹೊರಟ ಬೀಟಲ್ಸ್ ತಂಡದವರ ಸಾರ್ಜೆಂಟ್ ಪೆಪ್ಪರ್ ಎಂಬ ಪ್ರಸಿದ್ಧ ರೆಕಾರ್ಡು ಲಂಡನ್ನಿನಲ್ಲಿ 4 ಟ್ರ್ಯಾಕಿನ ಯಂತ್ರಗಳಲ್ಲಿ ತಯಾರಾಯಿತು. ನಾಲ್ಕು ತುಂಬಿದಾಗ ಅವುಗಳನ್ನು ಬೆರಸಿ ಮತ್ತೊಂದು ಯಂತ್ರಕ್ಕೆ ಇಳಿಸಿ, ಉಳಿದ ಟ್ರ್ಯಾಕುಗಳಲ್ಲಿ ಮುಂದುವರಿಯುತ್ತಿದ್ದರು. ಬೆರಸಿದ್ದನ್ನು ಬಿಡಿಸಲಾಗದ ಕಾರಣ, ಬೆರಸುವದಕ್ಕೆ ಮುಂಚೆಯೇ ಅವರು ಕಿವಿಗೊಟ್ಟು ನಿರ್ಣಯಿಸಬೇಕಾಯಿತು. ಈಗ ಬೆರೆತ ಧ್ವನಿಯನ್ನು ಬಿಡಿಸಲು ಯತ್ನಿಸುವ ಕಂಪ್ಯೂಟರ್ ಪ್ರೋಗ್ರಾಮುಗಳು ಉಂಟಾದರೂ, ಬಿಡಿಸಿದಲ್ಲಿ ಗಾಯದ ಕಲೆಯು ಅನೇಕ ಸಾರಿ ಉಳಿಯುವದು. ತೂಗಿ ನೋಡುವ ಕೆಲಸವನ್ನು ಅವು ತಪ್ಪಿಸವು.

ನಮ್ಮ ತಂಗಿಯು ಮಗನ ಆ ಬಾರಿಸುವಿಕೆಯನ್ನು ಕೇಳಬೇಕೆಂದಾಗ, ಕ್ಲಿಕ್ಕಿನ ಸಂಗಡವೇ ಅದನ್ನು ಕೊಟ್ಟೆವು. ಆಕೆಯು ಏನೂ ಹೇಳದೆ ಕಡೆಯ ವರೆಗೆ ಕೇಳಿದಳು. ಮುಂದಿನ ವರುಷ ಅವನು ರಜೆಗೆ ಬಂದಾಗ ಕೋಲು ಕೈಗೆ ಕೊಡುವದಕ್ಕೆ ಮೊದಲು ನಾವು ಮಿಡಿಯ ವಯರನ್ನು ಸಿಕ್ಕಿಸಿದೆವು.

ಆಲೋಚಿಸತಕ್ಕ ಪ್ರಶ್ನೆಗಳು

ಡ್ರಮ್ಮಿನ ಧ್ವನಿಯು ಪ್ಯಾಡಿನಿಂದ ಬರುವದೋ, ಮಾಡ್ಯೂಲಿನಿಂದಲೋ? ಆಮೇಲೆ ಸೇರಿಸಬಹುದಾದದ್ದು ಯಾವದು, ತೆಗೆಯಲಾಗದ್ದು ಯಾವದು? ಎರಡೇ ಇನ್‌ಪುಟ್‌ಗಳಿಂದ 6 ಟ್ರ್ಯಾಕುಗಳು ಹೇಗಾದವು? ನಿಮ್ಮ ಮಾಡ್ಯೂಲಿನ ಕ್ಲಿಕ್ಕು ಎಲ್ಲಿ ಕೇಳಿಸುವದೆಂದು ನೀವು ಪರೀಕ್ಷಿಸಿದ್ದೀರೋ?