ಶಿಖರಕ್ಕೆ ನೂರು ಮೀಟರ್ ಇದ್ದಾಗ

ವಾಣಿಜ್ಯದ ಪಾಠದಲ್ಲಿ ‘ಸಂಕ್ ಕಾಸ್ಟ್’ ಅಥವಾ ಮುಳುಗಿದ ವೆಚ್ಚ ಎಂಬ ಮಾತು ಬರುತ್ತದೆ. ಈಗಾಗಲೇ ಖರ್ಚಾಗಿ, ಏನು ಮಾಡಿದರೂ ಹಿಂದಕ್ಕೆ ಬಾರದ ಹಣ ಅದು. ಮುಂದಿನ ನಿರ್ಧಾರಕ್ಕೆ ಅದನ್ನು ಲೆಕ್ಕ ಹಿಡಿಯಬಾರದು. ಇದು ನನಗೆ ಅರ್ಥವಾದದ್ದು ಒಬ್ಬ ಪರ್ವತಾರೋಹಿಯ ಕಥೆಯಿಂದ.

ಸ್ವೀಡನ್ನಿನ ಗೋರಾನ್ ಕ್ರಾಪ್ 1995ರ ಅಕ್ಟೋಬರ್‌ನಲ್ಲಿ ತಮ್ಮ ದೇಶದಿಂದ ಸೈಕಲ್ ತುಳಿಯುತ್ತಾ ನೇಪಾಳಕ್ಕೆ ಹೊರಟರು. ಆಮ್ಲಜನಕದ ಸಿಲಿಂಡರ್ ಇಲ್ಲದೆ ಒಬ್ಬರೇ ಎವರೆಸ್ಟ್ ಹತ್ತತೊಡಗಿದರು. 1996ರ ಮೇ 3ರಂದು ಶಿಖರಕ್ಕೆ ಸುಮಾರು 100 ಮೀಟರ್ ಮಾತ್ರ ಉಳಿದಿತ್ತು. ಆದರೆ ತೊಡೆಮಟ್ಟದ ಹಿಮದಲ್ಲಿ ಹೊತ್ತು ಮೀರಿತ್ತು. ಮುಂದೆ ಹೋದರೆ ಕತ್ತಲಲ್ಲಿ ಇಳಿಯಬೇಕು. ಅವರು ಹಿಂದಿರುಗಿದರು. ಬಂದ ದಾರಿಯ ಲೆಕ್ಕ ಬಿಟ್ಟು ಇಳಿಯುವ ದಾರಿಯ ಲೆಕ್ಕ ಹಾಕಿದ್ದರು. ಒಂದು ವಾರದ ನಂತರ ಅದೇ ಪರ್ವತದಲ್ಲಿ ಬಿರುಗಾಳಿಗೆ ಸಿಲುಕಿ 8 ಮಂದಿ ಸತ್ತರು. ಕ್ರಾಪ್ ಮೇ 23ರಂದು ಶಿಖರ ಮುಟ್ಟಿದರು.

ನಾನೂ ಮೊದಲು ವಿಜ್ಞಾನ ವಿಭಾಗದಲ್ಲಿದ್ದೆ. ಮನಸ್ಸಿಲ್ಲದಿದ್ದರೂ ಅಬ್ಬಾ ಕಟ್ಟಿದ ಶುಲ್ಕ ನೆನೆದು ಎರಡು ತಿಂಗಳು ಅಲ್ಲೇ ಕೂತೆ. ಕೊನೆಗೆ ಹೇಳಿದಾಗ ಅಮ್ಮಿ, “ಗಯಾ ಸೋ ಗಯಾ, ಆಗೇ ದೇಖ್” ಎಂದರು. ಹೋದದ್ದು ಹೋಯಿತು, ಮುಂದೆ ನೋಡು ಎಂದು. ಸಂಕ್ ಕಾಸ್ಟಿನ ಪಾಠ ಅಷ್ಟೇ.

ನೀವೂ ಸಿಕ್ಕಿಕೊಂಡಾಗ ಕೇಳಿಕೊಳ್ಳಿ: ಇದುವರೆಗೆ ಏನೂ ಖರ್ಚು ಮಾಡಿರದಿದ್ದರೆ, ಇವತ್ತು ಏನು ಮಾಡುತ್ತಿದ್ದೆ?